ಟಾಕಿಗೆ ಮೆತ್ತಿದ ಸಾಬೂನು

ಠಾಣೆಯಲ್ಲಿ ಫೌಜದಾರರ ಮೇಜಿನ ಮೇಲೆ ನೊಣವೊಂದು ಮಸಿಕುಡಿಕೆಯ ಬಾಯಿ ಸುತ್ತುತ್ತಿದೆ, ಈಗ ಬೀಳುತ್ತದೆ, ಈಗ ಬೀಳುತ್ತದೆ ಎಂದು ಫಿಟ್ಟರ್ ಕರೀಮಸಾಬ ನೋಡುತ್ತ ನಿಂತ, ಬೀಳಲಿಲ್ಲ ಹಾಳಾದ್ದು — ಡ್ರೈವರ್ ಮಂಜಪ್ಪನನ್ನು ಮಣ್ಣು ಮಾಡಿ ಮೂರು ದಿನವಾಯಿತು, ಕಣ್ಣಲ್ಲಿ ಹನಿ ನೀರಿಲ್ಲ, ಹೊಟ್ಟೆ ಮಾತ್ರ ಹೊತ್ತುಹೊತ್ತಿಗೆ ರೊಟ್ಟಿ ಕೇಳುತ್ತದೆ, ನಾಚಿಕೆಗೆಟ್ಟ ಹೊಟ್ಟೆ. ಮೋಟಾರಿಗೆ ಬೆಂಕಿ ಹೆಂಗ ಹತ್ತಿತೋ, ಹೇಳು, ಫೌಜದಾರರು ಕೇಳುತ್ತಿದ್ದಾರೆ, ಹಿಂದೆ ಬೆಂಚಿನ ಮೇಲೆ ಮೋಟಾರಿನ ಮಾಲಕ ಮಹಾಲಿಂಗಪ್ಪ ಕೆಮ್ಮಿದರು, ಆ ಕೆಮ್ಮಿನ ಅರ್ಥ ಇವನಿಗೆ ಗೊತ್ತು, ಮಂಜಪ್ಪ ಬೀಡಿ ಸೇದಾಕತ್ತಿದ್ದ ಅನ್ನು, ಸತ್ತಾಂವ ತಿರುಗಿ ಬರಂಗಿಲ್ಲ, ಇಲ್ಲಂದ್ರ ಜೇಲಿಗೆ ಹೋಗಾಂವ ನೀನ — ಬೀಡಿಯಂತೆ! ಎಲೆಯಡಿಕೆಯನ್ನೂ ಮುಟ್ಟದವನು. ಟಾಕಿ ಸೋರುತ್ತಿತ್ತು, ಅಷ್ಟೇ, ಡ್ರೈವರನ ಸೀಟಿನ ಕೆಳಗೇ ಪೆಟ್ರೋಲ್ ಟಾಕಿ, ಬೆಸುಗೆ ಬಿಟ್ಟಿತ್ತು, ಕರೀಮಣ್ಣಾ, ಬಿಚ್ಚಿ ಬೆಸುಗೆ ಹಾಕೋ ಅಂದಿದ್ದ ಮಂಜಪ್ಪ, ಲಡಾಯಿ ಕಾಲ, ಒಂದಿನಾನೂ ಗಾಡಿ ನಿಲ್ಲಂಗಿಲ್ಲ ಅಂದಿದ್ದರು ಮಾಲಕರು, ಇವನು ಬಟ್ಟೆಸಾಬೂನು ನಾದಿ ಸೀಳಿಗೆ ಮೆತ್ತಿದ, ಎಲ್ಲ ಫಿಟ್ಟರುಗಳೂ ಮೆತ್ತುತ್ತಾರೆ, ಸಾಬೂನು ಪೆಟ್ರೋಲಿಗೆ ಕರಗುವುದಿಲ್ಲ, ನೀರಿಗೆ ಕರಗುತ್ತದೆ, ಮರುದಿನ ಅಮಾವಾಸ್ಯೆ, ಮಂಜಪ್ಪ ಪೂಜೆಗೆಂದು ಮೋಟಾರಿನ ಮೈ ತೊಳೆದ, ಸೀಟು ಎತ್ತಿ ಟಾಕಿಗೂ ಕೊಡಗಟ್ಟಲೆ ನೀರು ಸುರಿದ, ವಿಭೂತಿ ಹಚ್ಚಿದ, ಕಾಯಿ ಒಡೆದ, ಇವನು ಪಕ್ಕದಲ್ಲೇ ನಿಂತು ಕೊಬ್ಬರಿ ತಿಂದನಲ್ಲ, ಇನ್ನೊಮ್ಮೆ ಬಗ್ಗಿ ನೋಡೋಣವೆಂದು ಹೊಳೆಯಲಿಲ್ಲವಲ್ಲ, ಥೂ.

ಅಂದೇ ಬಂಕಾಪುರದ ತಿರುವಿನಲ್ಲಿ ಹತ್ತಿ ಹೇರಿದ ಚಕ್ಕಡಿ ಅಡ್ಡ ಬಂತು, ದೊಡ್ಡ ಏಟೇನೂ ಅಲ್ಲ, ಒಳಗಿನ ಪ್ಯಾಸೆಂಜರ್ ಮಂದಿ ನಗಾಡಿದರು ಕೂಡ, ಆಮೇಲೆ ಪೆಟ್ರೋಲಿನ ವಾಸನೆ, ಆಮೇಲೆ ಕಾದ ಇಂಜಿನ್ನಿಗೆ ತಾಗಿ ಭುಗ್ಗೆಂದು ಉರಿ, ಎಲ್ಲರೂ ಜಿಗಿದರು, ಇವನೂ ಜಿಗಿದ, ಮಂಜಪ್ಪನ ಕಾಲು ಸೀಟಿನ ಕೆಳಗೆ ಸಿಕ್ಕಿತ್ತು, ಬಾಗಿಲಿಗೆ ಚಕ್ಕಡಿಯ ಗಾಲಿ ಒತ್ತಿ ನಿಂತಿತ್ತು, ಕಿಟಕಿಯಲ್ಲಿ ಒಂದು ಕೈ, ಬೆರಳು ಬಿಚ್ಚಿದ ಕೈ, ಹಿಡಿಯಲು ಇವನು ಎರಡು ಹೆಜ್ಜೆ ಹೋದ, ಎರಡೇ, ಮೂರನೆಯದು ಇಡಲಾಗಲಿಲ್ಲ, ಆ ಕೈ ಕಾಯುತ್ತಲೇ ಇತ್ತು — ಕರೀಮಣ್ಣಾ, ಠಾಣೆಯ ಬಾಗಿಲಲ್ಲಿ ನಿಂತ ಅಡಿವೆವ್ವ, ಮಂಜಪ್ಪನ ಹೆಂಡತಿ, ಕೇಳುತ್ತಿದ್ದಾಳೆ, ನಮ್ಮನಿಯವ್ರು ಬೀಡಿ ಸೇದಿದ್ರೇನ್ರಿ? ನೀವು ಬಾಜೂಕ ಇದ್ರಿ, ನೀವ ಹೇಳ್ರಿ, ನೀವು ಹೇಳಿದ್ರ ನಂಬತೇನಿ. ಸಾಬೂನು ಎನ್ನಬೇಕು, ನಾನು ಎನ್ನಬೇಕು, ಹೌದ್ರಿ ಅಂದಿತು ಬಾಯಿ, ಬೀಡೀನ ರೀ ಸಾಹೇಬ್ರ. ಫೌಜದಾರರು ಬರೆದುಕೊಂಡರು. ಅಡಿವೆವ್ವ ಬೈಯಲಿಲ್ಲ, ಅಳಲಿಲ್ಲ, ಸೆರಗು ಸರಿಮಾಡಿಕೊಂಡು, ಹಂಗಾರ ಸೇದತಿದ್ರೇನೋ, ನನಗ ಗೊತ್ತಾಗಲಿಲ್ಲ ಅಂದಳು, ನಂಬಿಬಿಟ್ಟಳು, ಇವನಿಗೆ ಏನೂ ಅನಿಸುತ್ತಿಲ್ಲ, ಏನೂ, ಕಿಟಕಿಯಲ್ಲಿ ಕೈ, ಬೆರಳು ಬಿಚ್ಚಿದ ಕೈ, ಆ ಕೈ ಇನ್ನೂ ಕಾಯುತ್ತಲೇ ಇದೆ.