ಹೆಗಲೇರಿದ ಸಾಕ್ಷಿ

"ಉಸಿರ ಬಿಟ್ರ ನಾಲಿಗಿ ಕಿತ್ತ ಕೈಯಾಗ ಕೊಡ್ತೇನಿ, ರಂಡೇರಾ," ಎನ್ನುತ್ತ ಮಾಲಕ ಭಾವುಸಾಹೇಬ ನಮ್ಮನ್ನು ಹಿಂದಿನ ಕೋಣೆಗೆ ನೂಕಿ ಹೊರಗಿನಿಂದ ಕೀಲಿ ಹಾಕಿದ.

ಎಂಬತ್ಮೂರರ ಬೇಸಿಗೆ. ನಿಪ್ಪಾಣಿಯ ತಂಬಾಕಿನ ವಖಾರಿ, ಎಲೆ ಜರಡಿ ಹಿಡಿದು ಚೀಲ ತುಂಬುವ ಗೋದಾಮು. ಹೆಸರು ಬರೆಯದೆ ದುಡಿಸುವ ಕೂಲಿಕಾರರನ್ನು ಎಣಿಸುವ ಸರಕಾರಿ ಸಾಹೇಬನ ಜೀಪು ಬಂದಾಗಲೆಲ್ಲ ನಾವು ಹೀಗೆ ಇಲ್ಲದವರಾಗುತ್ತಿದ್ದೆವು. ಎಲ್ಲರೂ ಹೆಂಗಸರು, ಚೀಲ ಹೊರುವ ಮಾಳಸಿದ್ದ ಒಬ್ಬನೇ ಗಂಡಸು. ಜರಡಿಯ ಧೂಳು ಇನ್ನೂ ಕೆಳಗೆ ಇಳಿದಿರಲಿಲ್ಲ. ಮುದುಕಿ ಮದಿನಾಬಿಗೆ ದಮ್ಮು. ಕತ್ತಲಲ್ಲಿ ಅವಳ ಎದೆ ಹರಿದ ತಿದಿಯ ಹಾಗೆ ಸುಯ್ಗುಡತೊಡಗಿತು. ಗಾಳಿ ಬರಲು ಇದ್ದದ್ದು ಒಂದು ಕಿಂಡಿ, ಅದೂ ಸೂರಿನ ಹತ್ತಿರ.

ಮಾಳಸಿದ್ದ ಗೋಡೆಗೆ ಮುಖ ಮಾಡಿ ಕುಕ್ಕರಿಸಿದ. "ಆಯಿ, ಹೆಗಲ ಮ್ಯಾಲ ಹತ್ತು."

"ತೋಬಾ. ಪರಗಂಡಸಿನ ಹೆಗಲ ಏರ್ಲ್ಯಾ?"

"ಸತ್ತ ಮ್ಯಾಲ ನಾಕ ಮಂದಿ ಹೆಗಲ ಏರಾಕಿನ ಅಲ್ಲ? ಇವತ್ತ ಒಬ್ಬಂದ ಏರು."

ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆವು. ಕೀಲಿ ತೆಗೆಯುವ ತನಕ ಅವನು ಅವಳನ್ನು ಹೊತ್ತೇ ನಿಂತಿದ್ದ.

ಅದೇ ಹೊತ್ತಿಗೆ ಹಿಂದಿನ ಓಣಿಯಲ್ಲಿ ಒಂಟಿ ಮುದುಕಿ ರಾಜಮತಿಯ ಕುತ್ತಿಗೆ ಹಿಚುಕಿ ಕೊಂದು ಯಾರೋ ಬಂಗಾರದ ಬಳೆ ಒಯ್ದಿದ್ದರು. ಓಣಿಯಲ್ಲಿ ಪುಂಡ ಯಾರು ಎಂದು ಪೊಲೀಸ್ ಫೌಜದಾರ ಕೇಳಿದಾಗ ಭಾವುಸಾಹೇಬ ಮಾಳಸಿದ್ದನ ಹೆಸರು ಕೊಟ್ಟ. ಕೂಲಿ ಹೆಚ್ಚಿಸಿರಿ ಎಂದು ಮೊದಲು ಬಾಯಿ ತೆಗೆದವನು ಅವನೇ ಆಗಿದ್ದ.

ಮಾಳಸಿದ್ದನನ್ನು ಹಿಡಿದೊಯ್ದ ಮರುದಿನ ಅವನ ಹೆಂಡತಿ ಅಕ್ಕುತಾಯಿಯ ಜೊತೆ ನಾನೂ ರೊಟ್ಟಿ ಕಟ್ಟಿಕೊಂಡು ಠಾಣೆಗೆ ಹೋದೆ. ಅಲ್ಲಿ ಕಿರಾಣಿ ಅಂಗಡಿಯ ಆಬಾಸಾಹೇಬ ಚಹಾ ಕುಡಿಯುತ್ತಿದ್ದ. ರಾಜಮತಿಯ ಹಿತ್ತಲ ಗೋಡೆ ಹಾರಿದವನನ್ನು ಕಂಡವನು ಅವನು. ಮಾಳಸಿದ್ದನನ್ನು ಅವನೆದುರು ತಂದು ನಿಲ್ಲಿಸಿದರು.

"ಇವನ ಹೌದಲ್ಲೋ?" ಎಂದ ಫೌಜದಾರ.

"ಬೆನ್ನ ಕಂಡಿತ್ರಿ... ಇರಬೇಕ್ರಿ."

"ಇರಬೇಕು ಅನ್ನೂದು ಕೋರ್ಟಿನ್ಯಾಗ ನಡ್ಯಾಂಗಿಲ್ಲ. ಮಾರಿ ಛಲೋ ನೋಡ್ಕೋ."

ಆಮೇಲೆ ಗುರುತು ಹಿಡಿಯಲೆಂದು ಏಳೆಂಟು ಮಂದಿಯನ್ನು ಸಾಲಾಗಿ ನಿಲ್ಲಿಸಿದಾಗ ಆಬಾಸಾಹೇಬ ನೆಟ್ಟಗೆ ಹೋಗಿ ಮಾಳಸಿದ್ದನ ಮುಂದೆ ನಿಂತನಂತೆ.

ಅಕ್ಕುತಾಯಿ ಭಾವುಸಾಹೇಬನ ಕಾಲು ಹಿಡಿದಳು. "ಒಂದ ಮಾತ ಹೇಳ್ರಿ ಮಾಲಕರ. ಆ ಹೊತ್ತಿನ್ಯಾಗ ಅಂವಾ ನಿಮ್ಮ ಕೀಲಿ ಒಳಗ ಇದ್ದಾ ಅಂತ. ಇಲ್ಲಂದ್ರ ಗಲ್ಲಿಗೆ ಹಾಕ್ತಾರ್ರಿ."

"ಆವತ್ತ ವಖಾರಿ ಬಂದ್ ಇತ್ತು. ಒಳಗ ಒಂದ ನಾಯಿನೂ ಇರಲಿಲ್ಲ." ಕಾಲು ಕೊಡವಿಕೊಂಡ. "ನೀವು ಇದ್ರಿ ಅಂದ್ರ ನಾಳಿ ನನ್ನ ವಖಾರಿಗೆ ಸರಕಾರದ ಕೀಲಿ ಬೀಳತೈತಿ. ಏಳ ಬೋಸುಡಿ, ಮೈಲಿಗಿ ಮಾಡಬ್ಯಾಡ."

ನಾವು ಹೇಳಿದರೆ ಕತ್ತಲಲ್ಲಿ ಏನು ಕಂಡಿರಿ ಅನ್ನುತ್ತಿದ್ದರು; ಹೇಳಬೇಕಾದವಳು ಇನ್ನು ಅವನ ಹೆಗಲ ಮೇಲೆ ಕೂತಿದ್ದ ಮದಿನಾಬಿ. ಅವಳ ಮನೆಗೆ ಹೋದರೆ ಮಗ ನಜೀರಸಾಬ ಹೊಸ್ತಿಲಲ್ಲೇ ಕೂತಿದ್ದ.

"ಹೆಗಲ ಏರಿದ್ದೆ ಅಂತ ಊರ ಮಂದಿ ಮುಂದ ಹೇಳ್ತಿ? ನಾ ಜಮಾತಿನ್ಯಾಗ ಹೆಂಗ ಮಾರಿ ತೋರಸ್ಲಿ? ಹೇಳಿದ್ರ ಈ ಮನಿಗಿ ಬರಬ್ಯಾಡ, ಅಮ್ಮಾ."

ಮದಿನಾಬಿ ಕೋರ್ಟಿನ ದಿನ ಬೆಳಗಾವಿಯ ಬಸ್ಸಿಗೆ ನಮಗಿಂತ ಮೊದಲೇ ಬಂದು ನಿಂತಿದ್ದಳು.

ಅವಳು ಸಾಕ್ಷಿಕಟ್ಟೆ ಏರಿದಾಗ ಸರಕಾರಿ ವಕೀಲ ಎದ್ದ. "ಏನಮ್ಮಾ, ಆವತ್ತ ಎಲ್ಲಿದ್ದಿ?"

"ಕೀಲಿ ಒಳಗ್ರಿ."

"ಮಾಳಸಿದ್ದ ಎಲ್ಲಿದ್ದಾ?"

"ನನ್ನ ಕೆಳಗ್ರಿ."

ಕೋರ್ಟು ಹೋ ಎಂದು ನಕ್ಕಿತು. ಕರಿಕೋಟಿನವರು ಒಬ್ಬರ ಬೆನ್ನು ಒಬ್ಬರು ತಟ್ಟಿಕೊಂಡರು. ಬಾಗಿಲ ಹತ್ತಿರ ನಿಂತಿದ್ದ ನಜೀರಸಾಬ ತಲೆ ತಗ್ಗಿಸಿಕೊಂಡು ಹೊರಗೆ ನಡೆದ. ಅವನ ಬೆನ್ನನ್ನು ಅವಳು ನೋಡಿದಳು. "ಮಾಳಸಿದ್ದನ ಹೆಗಲ ಮ್ಯಾಲ ಕುಂತಿದ್ದೆರಿ, ಕಿಂಡಿ ಗಾಳಿಗೆ," ಎಂದಳು.

"ಪರಗಂಡಸಿನ ಹೆಗಲ ಮ್ಯಾಲ, ಈ ವಯಸ್ಸಿನ್ಯಾಗ?"

"ಈ ವಯಸ್ಸಿನ್ಯಾಗ ದಮ್ಮ ಹತ್ತತೈತ್ರಿ."

"ಕತ್ತಲದಾಗ ಅವನ ಮಾರಿ ಕಂಡಿಯೇನ?"

"ಇಲ್ರಿ. ಮಾರಿ ಹೆಂಗ ಕಾಣತೈತ್ರಿ, ಮ್ಯಾಲ ಕುಂತಾಕಿಗಿ?"

"ಆಬಾಸಾಹೇಬ ಕಣ್ಣಾರೆ ಕಂಡಾನ. ನೀ ಕಂಡಿಲ್ಲ. ಸಾಕು, ಇಳಿ."

ಅವಳು ಇಳಿದಳು. ಬಾಗಿಲ ಕಡೆ ಹೋಗಲಿಲ್ಲ. ಮಾಳಸಿದ್ದ ನಿಂತಿದ್ದ ಕಟಕಟೆಯ ಕಡೆ ನಡೆದಳು. ಪೊಲೀಸನಿಗೆ ತಿಳಿಯುವ ಮೊದಲೇ ಎರಡೂ ಕೈ ಎತ್ತಿ ಅವನ ತಲೆಗೂದಲು ಹಿಡಿದಳು.

"ಇದ ತೆಲಿ," ಎಂದಳು ಜಡ್ಜ ಸಾಹೇಬರ ಕಡೆ ತಿರುಗಿ. "ಬಿದ್ದೇನು ಅಂತ ಹಿಂಗ ಹಿಡಕೊಂಡಿದ್ದೆ."

ಜಡ್ಜರು ಮೇಜು ಬಡಿದರು. ಪೊಲೀಸನೊಬ್ಬ ಓಡಿ ಬಂದು "ಬಿಡಲೇ ಮುದಕಿ" ಎಂದು ಮಣಿಕಟ್ಟು ತಿರುವಿದ. ಇನ್ನೊಬ್ಬ ಸೊಂಟ ಹಿಡಿದು ಎಳೆದ. ಅವಳ ಎದೆ ಮತ್ತೆ ಸುಯ್ಗುಡತೊಡಗಿತ್ತು. ಮಾಳಸಿದ್ದ ಅವಳಿಗೆ ಎಟುಕಲೆಂದು ಮೊಣಕಾಲು ಮಡಿಸಿ ಇನ್ನಷ್ಟು ಬಾಗಿದ. ತಂಬಾಕಿಗೆ ಕಂದಿದ ಆ ಬೆರಳುಗಳನ್ನು ಪೊಲೀಸರು ಒಂದೊಂದಾಗಿ ಬಿಡಿಸಿದಂತೆಲ್ಲ ಅವು ತಿರುಗಿ ಅವನ ಕೂದಲಲ್ಲೇ ಮುಚ್ಚಿಕೊಳ್ಳುತ್ತಿದ್ದವು.