ಅಂಗಿಗೆ ಪಾದದ ಅಳತೆ ಯಾಕೆ?

ನನ್ನ ಓರಗಿತ್ತಿಯ ಫೋನು ‘ಟಿಣ್’ ಅಂದರೆ ಸಾಕು, ನನ್ನ ಹೊಟ್ಟೆ ಉರಿಯುತ್ತಿತ್ತು. ಸುಳ್ಳು ಯಾಕೆ ಹೇಳಲಿ? ನಮ್ಮಿಬ್ಬರದೂ ಹೊಲಿಗೆ ಅಂಗಡಿ, ನಡುವೆ ಒಂದು ಪ್ಲೈವುಡ್ ಗೋಡೆ ಅಷ್ಟೆ. ಮೈದುನನನ್ನು ಮದುವೆಯಾಗಿ ಬಂದಾಗ ಅವಳಿಗೆ ಗುಂಡಿ ಹಚ್ಚಲು ಕಲಿಸಿದವಳೇ ನಾನು. ಈಗ ಅವಳ ಹತ್ತಿರ ಆಪ್ ಇದೆ! ಮೊಬೈಲ್ ಆಪ್ ಮಾಡುವುದೇ ಕೆಲಸವಾಗಿರುವ ಗಿರಾಕಿಯೊಬ್ಬಳು ಮಾಡಿಕೊಟ್ಟಳಂತೆ. ಅಳತೆ ಅದರಲ್ಲಿ, ಆರ್ಡರ್ ಅದರಲ್ಲಿ, ಬಟ್ಟೆ ಸಿದ್ಧವಾದರೆ ಗಿರಾಕಿಗೆ ಸುದ್ದಿಯೂ ಅದರಲ್ಲೇ.

“ನೋಡ್ತೀರಾ ಅಕ್ಕ? ತುಂಬಾ ಸುಲಭ” ಎಂದು ತೋರಿಸಲು ಬಂದಳು.

“ನಂಗೆ ನನ್ನ ಅಳತೆ ಪುಸ್ತಕ ಸಾಕಮ್ಮಾ” ಎಂದು ಮೂತಿ ತಿರುಗಿಸಿದೆ.

ಮಾರನೇ ವಾರ ನರ್ಸಮ್ಮ, ನನ್ನ ಹತ್ತು ವರ್ಷದ ಗಿರಾಕಿ, ಕೋಟಿನ ಬಟ್ಟೆ ಹಿಡಿದು ಸೀದಾ ಗೋಡೆಯ ಆಚೆ ಹೋದರು. ಕೇಳಿದ್ದಕ್ಕೆ, “ನಿಮ್ಮ ಹತ್ರ ಮೂರು ಸಲ ಬಂದು ವಾಪಸ್ ಹೋಗ್ಬೇಕು. ಅಲ್ಲಿ ಫೋನಲ್ಲೇ ಗೊತ್ತಾಗುತ್ತೆ” ಅಂದುಬಿಟ್ಟರು. ಅವತ್ತು ನಾನು ಹೊಲಿದ ತೋಳುಗಳೆಲ್ಲ ಸೊಟ್ಟ.

ಅದೇ ಹೊತ್ತಿಗೆ ಟೈಲರ್‌ಗಳ ವಾಟ್ಸಾಪ್ ಗುಂಪಿಗೆ ಒಂದು ಲಿಂಕ್ ಬಂತು. ಉಚಿತ ಹೊಲಿಗೆ ಆಪ್! ಮನೆಯ ವೈ-ಫೈ ಓರಗಿತ್ತಿ ಹಾಕಿಸಿದ್ದು. ಅವಳ ಉಪಕಾರ ಯಾರಿಗೆ ಬೇಕು? ಬಸ್ ನಿಲ್ದಾಣಕ್ಕೆ ಹೋದೆ. ಅಲ್ಲಿ ಪಾಸ್‌ವರ್ಡ್ ಇಲ್ಲದ ವೈ-ಫೈ ಸಿಕ್ಕಿತು. ಯಾರದ್ದೆಂದು ಕೇಳಲೂ ಇಲ್ಲ, ಜೋಡಿಸಿಕೊಂಡು ಆಪ್ ಹಾಕಿಕೊಂಡೆ.

ಅದು ಫೋನ್ ನಂಬರುಗಳನ್ನು ನೋಡಲಾ, ಫೋಟೋ ನೋಡಲಾ, ಮೆಸೇಜ್ ಓದಲಾ ಎಂದು ಒಂದರ ಹಿಂದೆ ಒಂದು ಕೇಳಿತು. ಓರಗಿತ್ತಿಯ ಆಪ್ ಕೇಳಿದ್ದು ಎರಡೇ ಎರಡಂತೆ. ನನ್ನದು ಒಂಬತ್ತು ಕೇಳಿತು! ಹೆಚ್ಚು ಕೇಳುವುದು ಹೆಚ್ಚು ಕೆಲಸ ಮಾಡುತ್ತದೆ ಎಂದು ಬೀಗುತ್ತಾ, ಎಲ್ಲಕ್ಕೂ ‘ಅನುಮತಿಸಿ’ ಒತ್ತಿದೆ. ಅಳತೆ ಪುಸ್ತಕದ ಒಂದೊಂದು ಹಾಳೆಯ ಫೋಟೋ ತೆಗೆದು ಅದಕ್ಕೆ ಉಣಿಸಿದೆ.

ಮೂರನೇ ದಿನ ನರ್ಸಮ್ಮ ಅಂಗಡಿಗೆ ಬಂದರು. ಫೋನನ್ನು ನನ್ನ ಮುಖದ ಮುಂದೆ ಹಿಡಿದರು.

“ಯಾವನೋ ನನ್ನ ಎದೆ ಅಳತೆ, ಸೊಂಟದ ಅಳತೆ, ಬಟ್ಟೆ ಹಾಕಿ ನೋಡುವಾಗ ನೀವು ತೆಗೆದ ನನ್ನ ಫೋಟೋ ಎಲ್ಲ ಕಳಿಸಿ ಹೆದರಿಸ್ತಿದಾನೆ. ನಿಮ್ಮನ್ನ ನಂಬಿ ಮೈಗೆ ಟೇಪ್ ಹಿಡಿಯೋಕೆ ಬಿಟ್ಟಿದ್ದೆ ಕಣ್ರೀ.”

ಭೂಮಿ ಬಾಯಿ ಬಿಡಬಾರದೇ ಅನಿಸಿತು. ಅರವತ್ತೆರಡು ಹೆಂಗಸರ ಅಳತೆ ಆ ಪುಸ್ತಕದಲ್ಲಿತ್ತು.

ಗೋಡೆಯ ಆಚೆಯಿಂದ ಓರಗಿತ್ತಿ ಓಡಿ ಬಂದಳು. “ಮೊದಲು ನೆಟ್ ಆಫ್ ಮಾಡಿ ಅಕ್ಕ” ಎಂದು ನನ್ನ ಫೋನು ತೆಗೆದುಕೊಂಡಳು. ನರ್ಸಮ್ಮನಿಗೆ, “ಅವನಿಗೆ ಉತ್ತರ ಕೊಡ್ಬೇಡಿ, ಮೆಸೇಜ್ ಅಳಿಸ್ಲೂಬೇಡಿ. ಅದೇ ಸಾಕ್ಷಿ. ಈಗಲೇ ಪೊಲೀಸರಿಗೆ ದೂರು ಕೊಡೋಣ” ಎಂದಳು. ಆಪ್ ಕೇಳಿದ್ದನ್ನೆಲ್ಲ ಬರೆದಿಟ್ಟುಕೊಂಡು ಅದನ್ನು ಕಿತ್ತುಹಾಕಿದಳು. ತನ್ನ ಫೋನಿನಿಂದ ನನ್ನ ಪಾಸ್‌ವರ್ಡುಗಳನ್ನೆಲ್ಲ ಬದಲಾಯಿಸಿದಳು.

“ಅಲ್ಲ ಅಕ್ಕ, ಅಂಗಿ ಹೊಲೀತೀನಿ ಅಂತ ಬಂದವನು ಪಾದದ ಅಳತೆ ಕೇಳಿದ್ರೆ ನೀವು ಕೊಡ್ತಿದ್ರಾ?”

“ಕಪಾಳಕ್ಕೆ ಕೊಡ್ತಿದ್ದೆ.”

“ಮತ್ತೆ? ಅಳತೆ ಬರೆದಿಡೋ ಆಪ್‌ಗೆ ನಿಮ್ಮ ಮೆಸೇಜ್ ಯಾಕೆ?”

ನಾನು ಒದರಿಬಿಟ್ಟೆ. “ನಿನ್ನ ಕಂಡ್ರೆ ಹೊಟ್ಟೆಕಿಚ್ಚು ಕಣೇ. ಅದಕ್ಕೇ ನಿನ್ನ ಕೇಳ್ಲಿಲ್ಲ.”

ಅವಳು ನಕ್ಕಳು. “ನಾನು ಆಪ್ ಮಾಡ್ಸಿದ್ದು ಯಾಕೆ ಅಂದ್ಕೊಂಡ್ರಿ? ನಿಮ್ಮಷ್ಟು ಚೆನ್ನಾಗಿ ಕಾಲರ್ ಕೂರ್ಸೋಕೆ ನಂಗೆ ಇವತ್ತಿಗೂ ಬರಲ್ಲ. ಗಿರಾಕಿಗಳೆಲ್ಲ ‘ಅಕ್ಕನ ಕಾಲರ್, ಅಕ್ಕನ ಕಾಲರ್’ ಅಂತಾರೆ. ಉರೀತಿತ್ತು ನಂಗೆ.”

ಠಾಣೆಯಿಂದ ಬಂದ ಮೇಲೆ ಉಳಿದ ಅರವತ್ತೊಂದು ಮನೆಗೂ ನಾನೇ ಫೋನ್ ಮಾಡಿ ತಪ್ಪೊಪ್ಪಿಕೊಂಡೆ. ಅವಳು ಪಕ್ಕದಲ್ಲೇ ಕೂತಿದ್ದಳು. ಕೆಲವರು ಬೈದರು, ಕೆಲವರು ಅತ್ತರು. ನಮ್ಮ ಯಜಮಾನರು ಅಂದೇ ತಮ್ಮ ಫೋನಿನ ಟಾರ್ಚ್ ಆಪ್ ತೆಗೆದುಹಾಕಿದರು. ಒಂದು ದೀಪ ಹಚ್ಚುವುದಕ್ಕೆ ಅದು ಊರವರ ನಂಬರೆಲ್ಲ ಕೇಳಿತ್ತಂತೆ! ಈಗ ನಾನು ಕಾಲರ್ ಕಲಿಸುತ್ತೇನೆ, ಅವಳು ಆಪ್ ಕಲಿಸುತ್ತಾಳೆ. ನರ್ಸಮ್ಮ ಮಾತ್ರ ಇನ್ನೂ ಎರಡರಲ್ಲಿ ಯಾವ ಅಂಗಡಿಗೂ ಬಂದಿಲ್ಲ.

ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಹೊಟ್ಟೆಕಿಚ್ಚು ಬಿಡಿ ಎಂದು ನಾನು ಹೇಳುವುದಿಲ್ಲ, ನನಗೇ ಬಿಡಲು ಆಗಿಲ್ಲ. ಆದರೆ ಆಪ್ ಬೇಕಾದರೆ ಫೋನಿನ ಆಪ್ ಸ್ಟೋರಿನಿಂದಲೇ ಹಾಕಿಕೊಳ್ಳಿ, ಯಾರೋ ಕಳಿಸಿದ ಲಿಂಕಿನಿಂದ ಬೇಡ. ಸ್ಟೋರಿನದ್ದಾದರೂ ಏನೇನು ಕೇಳುತ್ತದೆ ನೋಡಿ. ಯಾರದ್ದೆಂದು ತಿಳಿಯದ ವೈ-ಫೈಗೆ ಫೋನು ಜೋಡಿಸಬೇಡಿ. ಗೊತ್ತಿಲ್ಲದಿದ್ದರೆ ಗೊತ್ತಿದ್ದವರನ್ನು ಕೇಳಿ, ಅವರು ನಿಮ್ಮ ಓರಗಿತ್ತಿಯೇ ಆಗಿರಲಿ! ನಿಮ್ಮ ಫೋನಿನಲ್ಲಿ ಇರುವುದು ನಿಮ್ಮದೊಂದೇ ಗುಟ್ಟಲ್ಲ, ನಿಮ್ಮನ್ನು ನಂಬಿದವರದ್ದೂ ಇದೆ. ‘ಅನುಮತಿಸಿ’ ಒತ್ತುವ ಮೊದಲು ಒಮ್ಮೆ ಕೇಳಿಕೊಳ್ಳಿ: ಅಂಗಿಗೆ ಪಾದದ ಅಳತೆ ಯಾಕೆ?