ಡ್ರಾಯರಿನ ಹಳೇ ಫೋನು

ಆಫೀಸಿನಲ್ಲಿ ನನ್ನ ಮೇಜಿನ ಎರಡನೇ ಡ್ರಾಯರಿನಲ್ಲಿ ಒಂದು ಹಳೇ ಫೋನು ಇದೆ. ಗಾಜು ಮೂಲೆಯಲ್ಲಿ ಬಿರುಕು ಬಿಟ್ಟಿದೆ, ಆನ್ ಆಗುವುದಕ್ಕೇ ಮೂರು ನಿಮಿಷ ಬೇಕು. ವೆಬ್‌ಸೈಟಿಗೆ ಏನೇ ಹೊಸದು ಸೇರಿಸಿದರೂ ಮೊದಲು ಅದನ್ನು ಆ ಫೋನಿನಲ್ಲಿ ತೆರೆದು ನೋಡಬೇಕು, ಆಮೇಲೆಯೇ ಪಟ್ಟಿಯಲ್ಲಿ ಟಿಕ್ ಹಾಕಬೇಕು ಎಂಬುದು ನಮ್ಮಲ್ಲಿ ನಿಯಮ. ಆ ನಿಯಮ ಮಾಡಿದವನು ನಾನು. ಮುರಿದವನೂ ನಾನೇ.

ಕಣ್ಣಿನ ಆಸ್ಪತ್ರೆಯೊಂದರ ವೆಬ್‌ಸೈಟು ನಮ್ಮ ಕೈಯಲ್ಲಿತ್ತು. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಆ ವಾರದ ತಪಾಸಣೆಯ ಸಮಯಗಳು ಅದರಲ್ಲಿ ತೆರೆದುಕೊಳ್ಳುತ್ತವೆ. ಹತ್ತು ನಿಮಿಷದಲ್ಲಿ ಎಲ್ಲ ಖಾಲಿ. ಸಮಯ ಪಡೆಯದೆ ನೇರವಾಗಿ ಹೋದವರನ್ನು ಒಳಗೆ ಬಿಡುವುದಿಲ್ಲ. ಪುಟ ಚೆಂದವಾದರೆ ಜನ ಅರ್ಧಕ್ಕೇ ಬಿಟ್ಟುಹೋಗುವುದು ಕಡಿಮೆಯಾದೀತೇ ಎಂದು ನೋಡಲು ಒಂದು ಪ್ರಯೋಗ ಹೂಡಿದೆವು. ಅರ್ಧ ಜನಕ್ಕೆ ಹಳೇ ಪುಟ, ಇನ್ನರ್ಧಕ್ಕೆ ಡಾಕ್ಟರೊಬ್ಬರು ನಗುತ್ತ ಕೈ ಬೀಸುವ ವಿಡಿಯೋ ಇರುವ ಹೊಸ ಪುಟ. ಒಂದು ಫೋನು ಒಮ್ಮೆ ಯಾವ ಪಾಲಿಗೆ ಬಿತ್ತೋ, ಪ್ರಯೋಗ ಮುಗಿಯುವವರೆಗೂ ಅದಕ್ಕೆ ಅದೇ ಪಾಲು.

ಹೊಸ ಪುಟ ಬಿಡುವ ದಿನ ಹಳೇ ಫೋನಿನಲ್ಲಿ ಚಾರ್ಜ್ ಇರಲಿಲ್ಲ, ಚಾರ್ಜರನ್ನು ಯಾರೋ ಒಯ್ದಿದ್ದರು. ನಮ್ಮಲ್ಲಿ ಎಲ್ಲವನ್ನೂ ಪರೀಕ್ಷಿಸಿ ತಪ್ಪು ಹುಡುಕುವ ಹಿರಿಯರೊಬ್ಬರಿದ್ದಾರೆ. ಗಡಿಯಾರ ಸರಿಯಾಗಿದ್ದರೂ ಎರಡು ಸಲ ನೋಡುವ ಮನುಷ್ಯ. ನಾವು ಕೊಂಕಣ್ಣ ಎನ್ನುತ್ತೇವೆ. ಹಳೇ ಫೋನಲ್ಲಿ ನೋಡಿದೆಯಾ ಎಂದು ಅವರು ಕೇಳಿದರು. ನೋಡಿದೆ, ಚೆನ್ನಾಗಿಯೇ ಬರುತ್ತಿದೆ ಎಂದೆ. ಮೇಜಿನ ಮೇಲೆ ಟೀ ತಣ್ಣಗಾಗುತ್ತಿತ್ತು. ಸುಳ್ಳಾಡಲು ನನಗೆ ಅಷ್ಟು ಕಾರಣ ಸಾಕಾಯಿತು.

ಮೂರು ವಾರದ ಅಂಕಿಗಳು ಬಂದಾಗ ಹಳೇ ಪುಟದಲ್ಲಿ ನೂರಕ್ಕೆ ಐವತ್ತು ಜನ ಸಮಯ ಪಡೆದಿದ್ದರು, ಹೊಸದರಲ್ಲಿ ಎಪ್ಪತ್ತು. ಮ್ಯಾನೇಜರು ಬೆನ್ನು ತಟ್ಟಿದರು, ಕೇಕ್ ತರಿಸಿದರು. ಅರ್ಧರ್ಧ ಹಂಚಿದ್ದಲ್ಲವೇ, ಹಾಗಾದರೆ ಹೊಸ ಪುಟಕ್ಕೆ ಬಂದವರ ಸಂಖ್ಯೆಯೇ ಇಷ್ಟು ಕಡಿಮೆ ಯಾಕೆ ಎಂದು ಕೊಂಕಣ್ಣ ಮಾತ್ರ ರಾಗ ತೆಗೆದರು. ಮೊದಲು ಕೇಕ್ ತಿನ್ನಿ ಅಣ್ಣಾ ಎಂದೆ. ಎಲ್ಲರೂ ನಕ್ಕರು.

ಇನ್ನು ದೊಡ್ಡಮ್ಮ. ಅಮ್ಮನ ಅಕ್ಕ, ದರ್ಜಿ ಅಂಗಡಿಗಳಿಗೆ ಕೈಯಲ್ಲೇ ಕಾಜಾ ಹೊಲಿದು, ಗುಂಡಿ ಹಾಕಿಕೊಡುವವಳು. ನನ್ನ ಶಾಲೆಯ ಅಂಗಿಗಳಿಗೆಲ್ಲ ಗುಂಡಿ ಹಾಕಿದ್ದು ಅವಳೇ. ಅವಳ ಎಡಗಣ್ಣಿಗೆ ಮಸುಕು ಕವಿಯತೊಡಗಿತ್ತು. ಪ್ರಯೋಗದ ಮೊದಲ ಸೋಮವಾರ ಫೋನ್ ಮಾಡಿ, ಆಸ್ಪತ್ರೆಯದ್ದು ಬರೀ ಬಿಳಿ ಕಾಣುತ್ತಿದೆಯಲ್ಲೋ ಎಂದಿದ್ದಳು.

“ನಿಂಗೆ ಸೂಜಿಗೆ ದಾರ ಪೋಣಿಸೋದೊಂದೇ ಬರೋದು ದೊಡ್ಡಮ್ಮ,” ಎಂದು ನಾನು ಗೇಲಿ ಮಾಡಿದೆ. “ಫೋನನ್ನ ಅಷ್ಟು ಒತ್ತಬಾರ್ದು.”

ಅವಳೂ ನಕ್ಕಳು. ಭಾನುವಾರ ಬಂದು ನೋಡುತ್ತೇನೆ ಎಂದು ಹೇಳಿ ಮರೆತೇಬಿಟ್ಟೆ. ಮುಂದಿನ ಎರಡು ಸೋಮವಾರ ಅವಳು ನನಗೆ ಫೋನ್ ಮಾಡಲಿಲ್ಲ.

ನಾಲ್ಕನೇ ಸೋಮವಾರ, ಕೊಟ್ಟ ಮಾತು ನೆನಪಾಗಿ, ರಜೆ ಹಾಕಿ ಅವಳ ಮನೆಗೆ ಹೋದೆ. ಒಂಬತ್ತಕ್ಕೆ ಐದು ನಿಮಿಷವಿತ್ತು. ಕಿಟಕಿಯ ಪಕ್ಕ, ದಾರದ ಉಂಡೆಗಳನ್ನು ಸರಿಸಿ, ಕೈ ಒರೆಸಿಕೊಂಡು, ಪರೀಕ್ಷೆಗೆ ಕೂತವಳ ಹಾಗೆ ತನ್ನ ಹಳೇ ಫೋನಿನ ಮುಂದೆ ಕೂತಿದ್ದಳು. ಒಂಬತ್ತಕ್ಕೆ ಒಂದೇ ಸಲ, ಮೆತ್ತಗೆ ಒತ್ತಿದಳು. ಬಿಳಿ ಪುಟದ ನಡುವೆ ಒಂದು ಪುಟ್ಟ ವೃತ್ತ ತಿರುಗತೊಡಗಿತು. ಒಂಬತ್ತೂ ಆರಕ್ಕೆ ಡಾಕ್ಟರ ಹಣೆ ಕಾಣಿಸಿತು, ಅಷ್ಟೇ. ಪುಟ ಪೂರ್ತಿ ಬರುವ ಹೊತ್ತಿಗೆ ಒಂಬತ್ತೂ ಹನ್ನೊಂದು. ಈ ವಾರದ ಸಮಯಗಳು ಮುಗಿದಿವೆ ಎಂದು ಬರೆದಿತ್ತು. ನೋಡು, ಇವತ್ತೂ ನಿಧಾನ ಮಾಡಿಬಿಟ್ಟೆ ಎಂದಳು ದೊಡ್ಡಮ್ಮ.

ಕೊಂಕಣ್ಣ ಕೇಳಿದ್ದಕ್ಕೆ ಉತ್ತರ ಕಣ್ಣೆದುರಿಗೇ ಇತ್ತು. ಪುಟ ಪೂರ್ತಿ ಬಂದ ಮೇಲಷ್ಟೇ ನಾವು ಜನರನ್ನು ಎಣಿಸಲು ಶುರುಮಾಡುತ್ತಿದ್ದೆವು. ಹಳೇ ಫೋನಿಗೆ ಆ ವಿಡಿಯೋ ಭಾರವಾಗಿ, ಬಿಳಿ ಪುಟ ನೋಡಿ ನೋಡಿ ಸೋತು ಫೋನ್ ಕೆಳಗಿಟ್ಟವರು ನಮ್ಮ ಪಾಲಿಗೆ ಬಂದೇ ಇರಲಿಲ್ಲ. ಒಳ್ಳೆಯ ಫೋನಿದ್ದವರು ಮಾತ್ರ ಉಳಿದು ನೂರಕ್ಕೆ ಎಪ್ಪತ್ತಾಗಿದ್ದರು. ಅದಕ್ಕೆ ನಾನು ಕೇಕ್ ತಿಂದಿದ್ದೆ.

ಆಗಲೇ ಅವಳನ್ನು ಕರೆದುಕೊಂಡು ಆಸ್ಪತ್ರೆಗೆ ಹೋಗಿ, ಕಾದು, ಕಾಡಿ ಬೇಡಿ ಒಳಗೆ ಬಿಡಿಸಿಕೊಂಡೆ. ವಿಡಿಯೋದಲ್ಲಿ ಕೈ ಬೀಸುತ್ತಿದ್ದ ಡಾಕ್ಟರೇ ಇದ್ದರು. ಬಲಗಣ್ಣಿಗೆ ತೊಂದರೆಯಿಲ್ಲ, ಎಡಗಣ್ಣಲ್ಲಿ ಹೋದ ದೃಷ್ಟಿ ಮಾತ್ರ ಇನ್ನು ಬರುವುದಿಲ್ಲ ಎಂದರು. ಮಸುಕು ಶುರುವಾದ ವಾರವೇ ಯಾಕೆ ಬರಲಿಲ್ಲ ಎಂದು ಕೇಳಿದರು.

“ನಂದೇ ತಪ್ಪು ಡಾಕ್ಟ್ರೇ,” ಎಂದಳು ದೊಡ್ಡಮ್ಮ. “ಫೋನ್ ಹಿಡಿಯೋಕೆ ಬರಲ್ಲ ನಂಗೆ. ಬೆರಳು ನಿಧಾನ.”

ಡಾಕ್ಟರು ತಲೆಯಾಡಿಸಿ ಬರೆದುಕೊಂಡರು. ಪಕ್ಕದಲ್ಲೇ ನಿಂತಿದ್ದ ನಾನು ಅವಳ ಚೀಲ ಎತ್ತಿಕೊಂಡೆ. ಹೊರಗೆ ಬಂದು ಕೊಂಕಣ್ಣನಿಗೆ ಫೋನ್ ಮಾಡಿ, ಪ್ರಯೋಗ ನಿಲ್ಲಿಸಿಬಿಡಿ, ಅವತ್ತು ಹಳೇ ಫೋನಲ್ಲಿ ನಾನು ನೋಡಿರಲಿಲ್ಲ ಎಂದೆ. ಎಲ್ಲದಕ್ಕೂ ಕೊಂಕು ತೆಗೆಯುವ ಮನುಷ್ಯ, ಈಗಲೇ ನಿಲ್ಲಿಸುತ್ತೇನೆ ಎಂದಷ್ಟೇ ಹೇಳಿ ಫೋನ್ ಇಟ್ಟರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಮಧ್ಯಾಹ್ನ ಮನೆಗೆ ಬಂದ ಮೇಲೆ ದೊಡ್ಡಮ್ಮನಿಗೆ ಎಲ್ಲ ಹೇಳಿದೆ. ಡ್ರಾಯರು, ಚಾರ್ಜು, ಟೀ, ಸುಳ್ಳು, ಒಂದನ್ನೂ ಬಿಡಲಿಲ್ಲ. ಅವಳು ತೊಡೆಯ ಮೇಲಿನ ಅಂಗಿಯನ್ನು ಸವರುತ್ತ ಕೇಳಿಸಿಕೊಂಡಳು.

“ಹಾಗಾದ್ರೆ ನನ್ನ ಬೆರಳು ನಿಧಾನ ಅಲ್ಲ,” ಎಂದಳು.

“ಅಲ್ಲ ದೊಡ್ಡಮ್ಮ.”

“ನನ್ನ ಹಾಗೆ ಇನ್ನೂ ಎಷ್ಟು ಜನ ಕೂತಿದ್ರೋ?”

ಗೊತ್ತಿಲ್ಲ, ಅವರ್‍ಯಾರೂ ನಮ್ಮಲ್ಲಿ ದಾಖಲಾಗಿಲ್ಲ ಎಂದೆ. ಅವಳು ದಾರದ ಉಂಡೆಯನ್ನು ಹತ್ತಿರಕ್ಕೆ ಎಳೆದುಕೊಂಡಳು.

“ಪಾಪ, ಅವ್ರೆಲ್ಲ ಈಗ್ಲೂ ತಮ್ಮ ಬೆರಳನ್ನೇ ಬೈಕೊಂಡು ಕೂತಿರ್ತಾರೆ.”

ಆಮೇಲೆ ಸೂಜಿ, ದಾರ ಎರಡನ್ನೂ ನನ್ನ ಕೈಗೆ ಕೊಟ್ಟು ಪೋಣಿಸಿಕೊಡು ಎಂದಳು. ಹುಟ್ಟಿದಾಗಿನಿಂದ ಅವಳನ್ನು ನೋಡಿದ್ದೇನೆ, ಯಾರನ್ನೂ ಅವಳು ಹಾಗೆ ಕೇಳಿದ್ದಿಲ್ಲ. ಬೆಳಕಿಗೆ ಹಿಡಿದು ಮೂರು ಸಲ ನೋಡಿದೆ. ದಾರ ಹೋಗಲಿಲ್ಲ.